ಕಲಬುರಗಿ ಭಾಗದಿಂದ ಖಗೋಳಶಾಸ್ತ್ರ, ಭೂಭೌತಶಾಸ್ತ್ರ ಓದಲು ಹೊರಟವರಿಗೆ: ಪಿಯುಸಿಯಿಂದ ಪಿಎಚ್‌ಡಿವರೆಗಿನ ದಾರಿ

ಖಗೋಳಶಾಸ್ತ್ರ ಮತ್ತು ಭೂಭೌತಶಾಸ್ತ್ರ ಎರಡೂ ಭೌತಶಾಸ್ತ್ರದ ಕವಲುಗಳು. ಒಂದರಲ್ಲಿ ಕೈಗೆಟುಕದಷ್ಟು ದೂರದ ನಕ್ಷತ್ರವನ್ನು ಅದರ ಬೆಳಕು, ರೇಡಿಯೊ ಅಲೆಗಳಿಂದ ಅರಿಯಬೇಕು. ಇನ್ನೊಂದರಲ್ಲಿ ಕಾಲಡಿಯಲ್ಲೇ ಇದ್ದೂ ಕಣ್ಣಿಗೆ ಬೀಳದ ಕಲ್ಲು, ನೀರು, ಖನಿಜವನ್ನು ಕಂಪನ, ಗುರುತ್ವ, ಕಾಂತಕ್ಷೇತ್ರ, ವಿದ್ಯುತ್ ರೋಧಗಳ ಅಳತೆಯಿಂದ ಅರಿಯಬೇಕು. ಎರಡಕ್ಕೂ ಬೇಕಾದ ಗಣಿತ ಬಹುಪಾಲು ಒಂದೇ. ಆದ್ದರಿಂದ ಆಕಾಶವೋ ಭೂಮಿಯೋ ಎಂದು ಪಿಯುಸಿಯಲ್ಲೇ ನಿರ್ಧರಿಸಬೇಕಾಗಿಲ್ಲ. ಭೌತಶಾಸ್ತ್ರ ಮತ್ತು ಗಣಿತ ಎರಡನ್ನೂ ಪದವಿ ಮುಗಿಯುವ ತನಕ ಕೈಬಿಡದಿದ್ದರೆ ಎರಡು ಬಾಗಿಲೂ ತೆರೆದಿರುತ್ತವೆ. ಈ ಒಂದು ವಿಷಯದಲ್ಲಿ ಎಡವಿದವರಿಗೆ ಮುಂದೆ ಅದನ್ನು ಸರಿಪಡಿಸಿಕೊಳ್ಳಲು ಎರಡು ಮೂರು ವರ್ಷ ಬೇಕಾಗುತ್ತದೆ.

ಇನ್ನೊಂದು ವಿಷಯವನ್ನು ಮೊದಲೇ ಹೇಳಬೇಕು. ಉನ್ನತ ವಿಜ್ಞಾನವೆಂದರೆ ಬೆಂಗಳೂರು ಎನ್ನುವ ಅಭ್ಯಾಸ ನಮ್ಮಲ್ಲಿದೆ. ಆದರೆ ಕಲಬುರಗಿಯಿಂದ ಹೈದರಾಬಾದ್ ಸುಮಾರು 220 ಕಿ.ಮೀ., ಬೀದರ್‌ನಿಂದ 145 ಕಿ.ಮೀ. ಅಲ್ಲಿ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ (ಎನ್‌ಜಿಆರ್‌ಐ), ಪರಮಾಣು ಖನಿಜ ನಿರ್ದೇಶನಾಲಯದ ಕೇಂದ್ರ ಕಚೇರಿ, ಖಗೋಳಶಾಸ್ತ್ರಕ್ಕೂ ಭೂಭೌತಶಾಸ್ತ್ರಕ್ಕೂ ಪ್ರತ್ಯೇಕ ವಿಭಾಗಗಳಿರುವ ಉಸ್ಮಾನಿಯಾ ವಿಶ್ವವಿದ್ಯಾಲಯ ಇವೆ. ಇತ್ತ ಪುಣೆ ರೈಲಿನಲ್ಲಿ ಸುಮಾರು 375 ಕಿ.ಮೀ. ಅಲ್ಲಿ ಖಗೋಳ ಸಂಶೋಧನೆಯ ಐಯುಕಾ, ರೇಡಿಯೊ ಖಗೋಳಶಾಸ್ತ್ರದ ಎನ್‌ಸಿಆರ್‌ಎ ಸಂಸ್ಥೆಗಳಿವೆ, ಉತ್ತರಕ್ಕೆ ನಾರಾಯಣಗಾಂವ್ ಹತ್ತಿರದ ಖೊಡದ್‌ನಲ್ಲಿ ತಲಾ 45 ಮೀಟರ್ ಅಗಲದ 30 ಡಿಶ್‌ಗಳ ಜಿಎಂಆರ್‌ಟಿ ರೇಡಿಯೊ ದೂರದರ್ಶಕವಿದೆ. ಬೇಸಿಗೆ ಯೋಜನೆ, ಕಾರ್ಯಾಗಾರ, ಸಂದರ್ಶನಗಳಿಗೆ ಓಡಾಡುವಾಗ ಈ ದೂರದ ಲೆಕ್ಕ ನೇರವಾಗಿ ಜೇಬಿಗೆ ಸಂಬಂಧಿಸಿದ್ದು.

ನಮ್ಮ ನೆಲವೇ ಪಾಠ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 6.2 ತೀವ್ರತೆಯ ಭೂಕಂಪವಾಗಿ ಸುಮಾರು ಹತ್ತು ಸಾವಿರ ಜನ ಸತ್ತರು. ಆಳಂದ, ಬಸವಕಲ್ಯಾಣ ಭಾಗದ ಹಿರಿಯರಿಗೆ ಆ ರಾತ್ರಿ ಇನ್ನೂ ನೆನಪಿದೆ. ದಖ್ಖನ್ ಪ್ರಸ್ಥಭೂಮಿ ಸ್ಥಿರವಾದ ಗಟ್ಟಿ ನೆಲ ಎಂಬ ನಂಬಿಕೆಯನ್ನು ಮತ್ತೆ ಪರೀಕ್ಷಿಸುವಂತೆ ಮಾಡಿದ ಘಟನೆ ಅದು. ನಂತರ ಅಲ್ಲಿ 617 ಮೀಟರ್ ಆಳದ ಸಂಶೋಧನಾ ಕೊಳವೆ ಕೊರೆದಾಗ ಮೊದಲ 338 ಮೀಟರ್ ಕಪ್ಪುಕಲ್ಲು ಅಂದರೆ ಬಸಾಲ್ಟ್, ಅದರ ಕೆಳಗೆ 8 ಮೀಟರ್‌ನಷ್ಟು ತೆಳುವಾದ ಗಸಿಕಲ್ಲು (ಮಣ್ಣು-ಮರಳು ಕೂತು ಗಟ್ಟಿಯಾದ ಶಿಲೆ), ಆಮೇಲೆ ಪ್ರಾಚೀನ ತಳಶಿಲೆ ಸಿಕ್ಕಿತು. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ನೆಲ ಮತ್ತೆ ಮತ್ತೆ ನಡುಗಿದ್ದು ಈಗಿನ ವಿದ್ಯಾರ್ಥಿಗಳಿಗೇ ಗೊತ್ತು.

ಈ ಭಾಗದಲ್ಲಿ ನೂರೈವತ್ತು ಕಿಲೋಮೀಟರ್ ಒಳಗೇ ಮೂರು ಬಗೆಯ ನೆಲವಿದೆ. ಬೀದರ್ ಮತ್ತು ಆಳಂದದ ಕಡೆ ಬಸಾಲ್ಟ್, ಬೀದರ್ ಪಟ್ಟಣದಲ್ಲಿ ಅದರ ಮೇಲೆ ಕೆಂಪು ಜಂಬಿಟ್ಟಿಗೆ. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತ ಭೀಮಾ ಕೊಳ್ಳದ ಸುಣ್ಣಕಲ್ಲು. ಯಾದಗಿರಿಯ ಕಡೆ ಗ್ರಾನೈಟ್. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಸಿಕ್ಕಿರುವುದು ಸುಣ್ಣಕಲ್ಲು ಮತ್ತು ಗ್ರಾನೈಟ್ ಸಂಧಿಸುವ ಸ್ತರಭಂಗದ (ಶಿಲೆ ಮುರಿದು ಸರಿದ ಬಿರುಕು) ಗುಂಟ. ಭೂಭೌತಶಾಸ್ತ್ರದ ಕ್ಷೇತ್ರಕಾರ್ಯಕ್ಕೆ ಇದಕ್ಕಿಂತ ಒಳ್ಳೆಯ ಜಾಗವನ್ನು ಹುಡುಕಿಕೊಂಡು ಹೋಗಬೇಕಿಲ್ಲ.

ಪಿಯುಸಿ: ವಿಷಯ ಆಯ್ಕೆ ಮತ್ತು ಪ್ರವೇಶ ಪರೀಕ್ಷೆ

ಭೌತ, ರಸಾಯನ, ಗಣಿತ ಕಡ್ಡಾಯ. ನಾಲ್ಕನೆಯ ವಿಷಯವಾಗಿ ಜೀವಶಾಸ್ತ್ರ ತೆಗೆದುಕೊಂಡವರು ಬೇಸರಪಡಬೇಕಿಲ್ಲ, ಈ ದಾರಿಯಲ್ಲಿ ಅದೂ ಉಪಯೋಗಕ್ಕೆ ಬರುತ್ತದೆ. ಮೂಲವಿಜ್ಞಾನ ಕಲಿಸುವ ಕೇಂದ್ರ ಸರ್ಕಾರದ ಐಸರ್ ಸಂಸ್ಥೆಗಳ ಪ್ರವೇಶ ಪರೀಕ್ಷೆ ಐಎಟಿಯಲ್ಲಿ ಒಟ್ಟು 60 ಪ್ರಶ್ನೆ. ಭೌತ, ರಸಾಯನ, ಗಣಿತ, ಜೀವಶಾಸ್ತ್ರದಿಂದ ತಲಾ 15. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ, ಸಮಯ 3 ಗಂಟೆ. ಜೀವಶಾಸ್ತ್ರ ಓದದವರು 240ರಲ್ಲಿ 60 ಅಂಕವನ್ನು ಮುಟ್ಟದೆಯೇ ಬರುತ್ತಾರೆ. ಗಣಕ ಅಥವಾ ಎಲೆಕ್ಟ್ರಾನಿಕ್ಸ್ ತೆಗೆದುಕೊಂಡವರು ಎನ್‌ಸಿಇಆರ್‌ಟಿ ಜೀವಶಾಸ್ತ್ರದಿಂದ ಕೋಶ, ಅನುವಂಶೀಯತೆ, ಪರಿಸರ ಈ ಮೂರು ಭಾಗ ಓದಿಕೊಂಡರೂ ನಾಲ್ಕೈದು ಪ್ರಶ್ನೆ ಕೈಗೆ ಸಿಗುತ್ತವೆ, ಅಷ್ಟರಲ್ಲೇ ರ‍್ಯಾಂಕ್ ಸಾಕಷ್ಟು ಬದಲಾಗುತ್ತದೆ. ಅಂಥವೇ ಸಂಸ್ಥೆಗಳಾದ ಭುವನೇಶ್ವರದ ನೈಸರ್ ಮತ್ತು ಮುಂಬೈನ ಸಿಇಬಿಎಸ್‌ಗೆ ನಡೆಯುವ ನೆಸ್ಟ್ ಪರೀಕ್ಷೆಯಲ್ಲಿ ನಾಲ್ಕು ವಿಭಾಗಗಳಲ್ಲಿ ಹೆಚ್ಚು ಅಂಕ ಬಂದ ಮೂರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಗಣಿತ ಚೆನ್ನಾಗಿದ್ದು ಜೀವಶಾಸ್ತ್ರ ಬಿಟ್ಟವರಿಗೆ ನೆಸ್ಟ್ ಹೆಚ್ಚು ಅನುಕೂಲ.

ಜೆಇಇ ಅಡ್ವಾನ್ಸ್ಡ್ ಬರೆಯುವವರಿಗೆ ನೇರ ದಾರಿಗಳಿವೆ. ತಿರುವನಂತಪುರದ ಬಾಹ್ಯಾಕಾಶ ವಿಜ್ಞಾನ ಸಂಸ್ಥೆ ಐಐಎಸ್‌ಟಿಯಲ್ಲಿ ಎಂಜಿನಿಯರಿಂಗ್ ಫಿಸಿಕ್ಸ್ ಜೊತೆ ಖಗೋಳಶಾಸ್ತ್ರದ ಸ್ನಾತಕೋತ್ತರ ಪದವಿ ಸೇರಿದ ಐದು ವರ್ಷದ ಕೋರ್ಸ್ ಇದೆ. ಖರಗ್‌ಪುರ, ಧನಬಾದ್, ರೂರ್ಕಿ ಐಐಟಿಗಳಲ್ಲಿ ಪಿಯುಸಿ ನಂತರವೇ ಭೂಭೌತಶಾಸ್ತ್ರಕ್ಕೆ ಸೇರಬಹುದು. ಈ ಶಾಖೆಗಳು ಕಂಪ್ಯೂಟರ್ ಸೈನ್ಸ್‌ಗಿಂತ ಬಹಳ ಕೆಳಗಿನ ರ‍್ಯಾಂಕ್‌ಗೂ ಸಿಗುತ್ತವೆ. ಕೌನ್ಸೆಲಿಂಗ್‌ನಲ್ಲಿ ಕೊನೆಯ ಆಯ್ಕೆಯಾಗಿ ಯಾಂತ್ರಿಕವಾಗಿ ತುಂಬುವವರೇ ಹೆಚ್ಚು. ಇಷ್ಟಪಟ್ಟು ಮೊದಲ ಆಯ್ಕೆಯಾಗಿ ತುಂಬುವವರಿಗೆ ಅದೇ ಅವಕಾಶ. ಏರೋಸ್ಪೇಸ್ ಎಂಜಿನಿಯರಿಂಗ್ ಮಾತ್ರ ಖಗೋಳಶಾಸ್ತ್ರವಲ್ಲ. ಅಲ್ಲಿ ಕಲಿಸುವುದು ವಿಮಾನ, ರಾಕೆಟ್‌ಗಳ ರಚನೆ ಮತ್ತು ಗಾಳಿಯ ಹರಿವು.

ಬೆಂಗಳೂರಿನ ಐಐಎಸ್‌ಸಿಯ ನಾಲ್ಕು ವರ್ಷದ ಪದವಿಗೂ ಐಎಟಿ ಅಥವಾ ಜೆಇಇ ಪರೀಕ್ಷೆಯ ರ‍್ಯಾಂಕ್ ಬೇಕು. ಈ ಎಲ್ಲ ಅರ್ಜಿಗಳು ಹೆಚ್ಚಾಗಿ ದ್ವಿತೀಯ ಪಿಯುಸಿ ಪರೀಕ್ಷೆಯ ಆಸುಪಾಸಿನಲ್ಲೇ ತೆರೆದು ಮುಚ್ಚುತ್ತವೆ. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದು ಕೂತವರಿಗೆ ಆ ವರ್ಷ ಹೋದಂತೆಯೇ.

ಹತ್ತನೆಯ ತರಗತಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪಿಯುಸಿಯ ಮೊದಲ ನಾಲ್ಕು ತಿಂಗಳು ಕಷ್ಟ. ಅವರಿಗೆ ಭೌತಶಾಸ್ತ್ರ ಗೊತ್ತಿರುತ್ತದೆ, ಅಡ್ಡಬರುವುದು ಪ್ರಶ್ನೆಯ ಇಂಗ್ಲಿಷ್. ಒಂದು ನೋಟ್‌ಬುಕ್‌ನಲ್ಲಿ ಎಡಕ್ಕೆ ಪಾಠದಲ್ಲಿ ಬಂದ ಇಂಗ್ಲಿಷ್ ಪದ, ಬಲಕ್ಕೆ ಹತ್ತನೆಯ ತರಗತಿಯಲ್ಲಿ ಕಲಿತ ಕನ್ನಡ ಪದ ಬರೆಯುತ್ತಾ ಹೋಗಿ. ಇನ್ನೂರು ಪದ ದಾಟುವ ಹೊತ್ತಿಗೆ ಪ್ರಶ್ನೆಪತ್ರಿಕೆ ಓದುವಾಗಿನ ಗಾಬರಿ ಇಳಿದಿರುತ್ತದೆ.

ಕಾಗದಪತ್ರ: ಸೀಟು ಕೈತಪ್ಪುವುದು ಹೆಚ್ಚಾಗಿ ಇಲ್ಲಿ

ರ‍್ಯಾಂಕ್ ಬಂದೂ ಸೀಟು ಕಳೆದುಕೊಳ್ಳುವುದಕ್ಕೆ ದೊಡ್ಡ ಕಾರಣ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಸಿಗುವ 2ಎ, 3ಎ, 3ಬಿ ಪ್ರಮಾಣಪತ್ರ ರಾಜ್ಯದ ಕಾಲೇಜುಗಳಿಗೆ ಸಾಕು. ಐಸರ್, ಐಐಟಿ, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಅದು ನಡೆಯುವುದಿಲ್ಲ. ಅವಕ್ಕೆ ಹಿಂದುಳಿದ ವರ್ಗದವರು, ಆದರೆ ಕೆನೆಪದರದವರಲ್ಲ ಎಂದು ತೋರಿಸುವ ಕೇಂದ್ರ ಸರ್ಕಾರದ ನಮೂನೆಯ ಒಬಿಸಿ-ಎನ್‌ಸಿಎಲ್ ಪ್ರಮಾಣಪತ್ರ ಬೇಕು, ಅದೂ ಸಾಮಾನ್ಯವಾಗಿ ಆ ವರ್ಷದ ಏಪ್ರಿಲ್ 1ರ ನಂತರ ಕೊಟ್ಟದ್ದು. ರಾಜ್ಯದ ಪಟ್ಟಿಯಲ್ಲಿರುವ ಕೆಲವು ಜಾತಿಗಳು ಕೇಂದ್ರದ ಪಟ್ಟಿಯಲ್ಲಿಲ್ಲ. ಮೊದಲು ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯೇ ಎಂದು ನೋಡಿ, ಇಲ್ಲದಿದ್ದರೆ ಆರ್ಥಿಕವಾಗಿ ದುರ್ಬಲರಾದವರ ಮೀಸಲಾತಿ ಇಡಬ್ಲ್ಯುಎಸ್‌ಗೆ ಪ್ರಯತ್ನಿಸಿ. ಇಡಬ್ಲ್ಯುಎಸ್‌ಗೆ ಕುಟುಂಬದ ವಾರ್ಷಿಕ ಆದಾಯ 8 ಲಕ್ಷದ ಒಳಗಿರಬೇಕು, ಜೊತೆಗೆ ಕೃಷಿ ಜಮೀನು 5 ಎಕರೆಗಿಂತ ಕಡಿಮೆ ಇರಬೇಕು. ನಮ್ಮ ಕಡೆ ಎಂಟು ಹತ್ತು ಎಕರೆ ಒಣಬೇಸಾಯವಿದ್ದೂ ಕೈಯಲ್ಲಿ ಕಾಸಿಲ್ಲದ ಮನೆಗಳು ಬಹಳ. ತೊಗರಿ ಬೆಳೆ ಕೈಕೊಟ್ಟ ವರ್ಷವೂ ಪಹಣಿಯ ಎಕರೆ ಲೆಕ್ಕವೇ ನಿಯಮದಲ್ಲಿ ಗೆಲ್ಲುತ್ತದೆ. ಇದು ಅನ್ಯಾಯವೇ, ಆದರೆ ಅರ್ಜಿಯಲ್ಲಿ ತಪ್ಪು ವರ್ಗ ತುಂಬಿದರೆ ದಾಖಲೆ ಪರಿಶೀಲನೆಯಲ್ಲಿ ಸೀಟೇ ರದ್ದಾಗುತ್ತದೆ.

ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯ ಸ್ಥಳೀಯ ವ್ಯಕ್ತಿ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಪಡೆಯಬೇಕು. ಇದರಿಂದ ಈ ಭಾಗದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟುಗಳ ಮೀಸಲಾತಿಯಲ್ಲಿ ನಿಮಗೆ ಹಕ್ಕು ಬರುತ್ತದೆ. ಮೈಸೂರು ಅಥವಾ ಬೆಂಗಳೂರಿನಲ್ಲಿ ಎಂಎಸ್ಸಿ ಮಾಡುವ ಮನಸ್ಸಿದ್ದವರಿಗೆ ಆ ಶೇ 8 ದೊಡ್ಡ ಬಲ. ಐಐಟಿ, ಐಸರ್‌ಗಳಿಗೆ ಇದು ಅನ್ವಯಿಸುವುದಿಲ್ಲ. ಉಸ್ಮಾನಿಯಾದಲ್ಲಿ ಕರ್ನಾಟಕದವರು ಸ್ಥಳೀಯೇತರರು. ನಮ್ಮೂರು ಹಿಂದೆ ಹೈದರಾಬಾದ್ ಸಂಸ್ಥಾನದಲ್ಲಿತ್ತು ಎನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಊರಲ್ಲೇ ಬಿಎಸ್ಸಿ ಮಾಡುವವರಿಗೆ

ಪ್ರವೇಶ ಪರೀಕ್ಷೆಯಲ್ಲಿ ಆಗಲಿಲ್ಲವೆಂದರೆ ದಾರಿ ಮುಚ್ಚಿತು ಎಂದಲ್ಲ. ಕಲಬುರಗಿ, ಬೀದರ್, ಯಾದಗಿರಿಯ ಪದವಿ ಕಾಲೇಜಿನಲ್ಲಿ ಬಿಎಸ್ಸಿ ಮಾಡಿ ಮುಂದೆ ಐಐಟಿಯಲ್ಲಿ ಎಂಎಸ್ಸಿ ಮಾಡುವುದು ಸಾಧ್ಯವಿರುವ, ಖರ್ಚೂ ಕಡಿಮೆಯಾದ ದಾರಿ. ಷರತ್ತು ಒಂದೇ: ಸಂಯೋಜನೆಯಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಇರಬೇಕು. ಮೂರನೆಯದು ರಸಾಯನ, ಗಣಕ, ಎಲೆಕ್ಟ್ರಾನಿಕ್ಸ್, ಭೂವಿಜ್ಞಾನ ಯಾವುದಾದರೂ ಆಗಬಹುದು. ಭೂಭೌತಶಾಸ್ತ್ರದ ಆಸೆಯಿಂದ ಗಣಿತ ಬಿಟ್ಟು ಭೂವಿಜ್ಞಾನ ತೆಗೆದುಕೊಳ್ಳುವುದು ಸಾಮಾನ್ಯವಾಗಿ ಆಗುವ ತಪ್ಪು. ಹಾಗೆ ಮಾಡಿದರೆ ಭೂವಿಜ್ಞಾನದ ಎಂಎಸ್ಸಿ ಸಿಗುತ್ತದೆ, ಭೂಭೌತಶಾಸ್ತ್ರದ್ದು ಸಿಗುವುದಿಲ್ಲ.

ಮೊದಲ ವರ್ಷದಲ್ಲಿ ಕಲನಶಾಸ್ತ್ರ, ಸದಿಶ, ಅವಕಲ ಸಮೀಕರಣ ಗಟ್ಟಿ ಮಾಡಿಕೊಳ್ಳಿ. ಎರಡನೆಯ ವರ್ಷ ಮ್ಯಾಟ್ರಿಕ್ಸ್, ಫೂರಿಯೆ ಶ್ರೇಣಿ, ಸಂಭವನೀಯತೆ. ಫೂರಿಯೆ ವಿಶ್ಲೇಷಣೆಯನ್ನು ಪರೀಕ್ಷೆಗೆ ಬರುವ ಎರಡು ಲೆಕ್ಕಗಳಿಗೆ ಸೀಮಿತ ಮಾಡಿದವರು ಮುಂದೆ ಪೂರ್ತಿ ಕಷ್ಟಪಡುತ್ತಾರೆ. ರೇಡಿಯೊ ದೂರದರ್ಶಕದ ಚಿತ್ರವೂ ಅದರಿಂದಲೇ ಮೂಡುತ್ತದೆ, ಭೂಕಂಪದ ದಾಖಲೆಯಿಂದ ಗದ್ದಲ ಬೇರ್ಪಡಿಸುವುದೂ ಅದರಿಂದಲೇ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಲ್ಯಾಪ್‌ಟಾಪ್ ಬರುವ ತನಕ ಕಾಯಬೇಡಿ. ಗೂಗಲ್ ಕೊಲ್ಯಾಬ್ ಬ್ರೌಸರ್‌ನಲ್ಲೇ ನಡೆಯುತ್ತದೆ, ಕಾಲೇಜಿನ ಲ್ಯಾಬ್ ಸಾಕು. ಅದರ ಸಲಕರಣೆಗಳಲ್ಲಿ ಲೆಕ್ಕಕ್ಕೆ ನಮ್‌ಪೈ, ಗ್ರಾಫ್‌ಗೆ ಮ್ಯಾಟ್‌ಪ್ಲಾಟ್‌ಲಿಬ್ ಮೊದಲು, ಆಮೇಲೆ ಖಗೋಳಕ್ಕೆ ಆಸ್ಟ್ರೋಪೈ, ಭೂಕಂಪಶಾಸ್ತ್ರಕ್ಕೆ ಆಬ್ಸ್‌ಪೈ. ಗಯಾ ಉಪಗ್ರಹ ಅಳೆದ ನಕ್ಷತ್ರಗಳ ದೂರ, ಇಸ್ರೊದ ಆಸ್ಟ್ರೋಸ್ಯಾಟ್ ಮತ್ತು ಚಂದ್ರಯಾನದ ದತ್ತಾಂಶ, ಜಗತ್ತಿನ ಭೂಕಂಪ ಕೇಂದ್ರಗಳ ದಾಖಲೆ ಎಲ್ಲವೂ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಉಚಿತವಾಗಿವೆ.

ಕಲಿತದ್ದನ್ನು ಪರೀಕ್ಷಿಸಲು ಒಂದು ಲೆಕ್ಕ. ಭೂಕಂಪದಿಂದ ಮೊದಲು ಬರುವುದು ಪಿ ಅಲೆ, ಆಮೇಲೆ ಬಂದು ಜೋರಾಗಿ ಅಲುಗಿಸುವುದು ಎಸ್ ಅಲೆ. ಗಟ್ಟಿ ಶಿಲೆಯಲ್ಲಿ ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ., ಎಸ್ ಅಲೆ ಸುಮಾರು 3.5 ಕಿ.ಮೀ. ಸಾಗುತ್ತದೆ. ಎರಡರ ನಡುವಿನ ಸೆಕೆಂಡುಗಳನ್ನು 8.4ರಿಂದ ಗುಣಿಸಿದರೆ ಭೂಕಂಪ ಎಷ್ಟು ಕಿ.ಮೀ. ದೂರದಲ್ಲಾಯಿತು ಎಂದು ತಿಳಿಯುತ್ತದೆ. ಆ 8.4 ಎಲ್ಲಿಂದ ಬಂತು ಎಂದು ನೀವೇ ಬಿಡಿಸಿ. ಕಿಲ್ಲಾರಿಯ ಭೂಕಂಪ ಕೇಂದ್ರದಿಂದ ಕಲಬುರಗಿ ನೇರ ಗೆರೆಯಲ್ಲಿ 85-90 ಕಿ.ಮೀ. ಹಾಗಾದರೆ ಮೊದಲ ನಡುಕಕ್ಕೂ ಜೋರು ಅಲುಗಾಟಕ್ಕೂ ಇಲ್ಲಿ ಹತ್ತು ಸೆಕೆಂಡಿನ ಅಂತರ.

ಒಂದು ಪ್ರಯೋಗ: ಯಾದಗಿರಿ-ಬೀದರ್ ನೆರಳಿನಿಂದ ಭೂಮಿಯ ಸುತ್ತಳತೆ

ಬಿಎಸ್ಸಿಯಲ್ಲಿದ್ದಾಗ ಇದೊಂದನ್ನು ಚೆನ್ನಾಗಿ ಮಾಡಿ, ವರದಿ ಬರೆದಿಟ್ಟುಕೊಳ್ಳಿ. ಸಂದರ್ಶನದಲ್ಲಿ ಅಂಕಪಟ್ಟಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಯಾದಗಿರಿಯ ಅಕ್ಷಾಂಶ 16.77 ಡಿಗ್ರಿ, ಬೀದರ್‌ನದು 17.91. ವ್ಯತ್ಯಾಸ 1.14 ಡಿಗ್ರಿ. ಎರಡು ಊರಿನ ಸ್ನೇಹಿತರು ಸೇರಿ ಒಂದೇ ದಿನ ಅಳತೆ ಮಾಡಬೇಕು. ಮಾರ್ಚ್ 20-21 ಅಥವಾ ಸೆಪ್ಟೆಂಬರ್ 22-23 ಒಳ್ಳೆಯ ದಿನ. ಸೆಪ್ಟೆಂಬರ್‌ನಲ್ಲಿ ಮೋಡ ಕಾಡುವುದರಿಂದ ಮಾರ್ಚ್ ಮೇಲು.

ಸಾಮಾನು: ಒಂದು ಶಹಾಬಾದ್ ಫರಸಿ, 1 ಮೀಟರ್‌ಗಿಂತ ತುಸು ಉದ್ದದ ಕಬ್ಬಿಣದ ಸರಳು, ಗೌಂಡಿಗಳು ಬಳಸುವ ತೂಕದ ಗುಂಡು, ಸ್ಪಿರಿಟ್ ಲೆವೆಲ್, ದಪ್ಪ ರಟ್ಟು, ಮಿಲಿಮೀಟರ್ ಗುರುತಿನ ಸ್ಕೇಲ್. ಫರಸಿಯನ್ನು ಸಮತಟ್ಟಾಗಿ ಕೂರಿಸಿ, ಅದರ ದಕ್ಷಿಣ ಅಂಚಿನಲ್ಲಿ ಸರಳು ನಿಲ್ಲಿಸಿ. ನಡು ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ. ಸರಳಿನ ತುದಿಗೆ, ಫರಸಿಯಿಂದ ಸರಿಯಾಗಿ 100 ಸೆಂ.ಮೀ. ಎತ್ತರದಲ್ಲಿ ರಟ್ಟು ಕಟ್ಟಿ ಅದರಲ್ಲಿ 4 ಮಿ.ಮೀ. ರಂಧ್ರ ಮಾಡಿ.

ರಂಧ್ರ ಯಾಕೆ ಬೇಕು? ಸೂರ್ಯ ಬಿಂದುವಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ಬರೀ ಸರಳಿನ ನೆರಳಿನ ತುದಿ ಸುಮಾರು 1 ಸೆಂ.ಮೀ.ನಷ್ಟು ಮಸುಕಾಗಿ ಹರಡಿರುತ್ತದೆ, ನೆರಳು ಎಲ್ಲಿ ಮುಗಿಯಿತು ಎಂದು ಇಬ್ಬರು ಎರಡು ಕಡೆ ತೋರಿಸುತ್ತಾರೆ. ರಂಧ್ರದಿಂದ ಬಿದ್ದ ದುಂಡನೆಯ ಬೆಳಕಿನ ನಡುವನ್ನು 1 ಮಿ.ಮೀ. ನಿಖರತೆಯಲ್ಲಿ ಗುರುತಿಸಬಹುದು.

ಮಧ್ಯಾಹ್ನ 12.10ರಿಂದ 12.50ರ ತನಕ ಎರಡೆರಡು ನಿಮಿಷಕ್ಕೆ ಆ ನಡುವನ್ನು ಪೆನ್ಸಿಲ್‌ನಿಂದ ಗುರುತಿಸಿ. ಮಾರ್ಚ್‌ನಲ್ಲಿ ಅತಿ ಗಿಡ್ಡ ನೆರಳು ಕಲಬುರಗಿಯಲ್ಲಿ 12.30ಕ್ಕೆ, ಯಾದಗಿರಿಯಲ್ಲಿ 12.29ಕ್ಕೆ, ಬೀದರ್‌ನಲ್ಲಿ 12.27ಕ್ಕೆ ಬರುತ್ತದೆ. ಗಡಿಯಾರದ 12ಕ್ಕೆ ಅಳೆದವರ ಉತ್ತರ ಮೊದಲೇ ಕೆಟ್ಟಿರುತ್ತದೆ. ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ರೇಖಾಂಶದ್ದು, ಕಲಬುರಗಿ ಇರುವುದು 76.83ರಲ್ಲಿ, ಡಿಗ್ರಿಗೆ 4 ನಿಮಿಷದಂತೆ ಸುಮಾರು 23 ನಿಮಿಷ ತಡ. ಉಳಿದ ಏಳೂವರೆ ನಿಮಿಷ ಭೂಮಿಯ ಕಕ್ಷೆಯ ಆಕಾರ ಮತ್ತು ಅಕ್ಷದ ವಾಲುವಿಕೆಯಿಂದ ಬಂದದ್ದು.

ರಂಧ್ರದಿಂದ ತೂಕದ ಗುಂಡು ಇಳಿಬಿಟ್ಟು, ಅದರ ತುದಿ ಮುಟ್ಟಿದ ಜಾಗದಿಂದ ಅತಿ ಹತ್ತಿರದ ಪೆನ್ಸಿಲ್ ಗುರುತಿನ ತನಕ ಅಳೆಯಿರಿ, ಅದೇ ನೆರಳಿನ ಉದ್ದ. ಸರಳಿನ ಬುಡದಿಂದ ಅಳೆಯಬೇಡಿ. ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲೇ. ಹಗಲು-ರಾತ್ರಿ ಸಮವಾಗುವ ಆ ದಿನ ಯಾದಗಿರಿಯಲ್ಲಿ 30.1, ಕಲಬುರಗಿಯಲ್ಲಿ 31.2, ಬೀದರ್‌ನಲ್ಲಿ 32.3 ಸೆಂ.ಮೀ. ಬರಬೇಕು. ಎರಡು ತುದಿಗಳ ನಡುವಿನ ವ್ಯತ್ಯಾಸವೇ 2.2 ಸೆಂ.ಮೀ. ಸರಳು 1 ಡಿಗ್ರಿ ಉತ್ತರಕ್ಕೋ ದಕ್ಷಿಣಕ್ಕೋ ವಾಲಿದ್ದು ಬುಡದಿಂದ ಅಳೆದರೆ 1.7 ಸೆಂ.ಮೀ. ತಪ್ಪು ನುಗ್ಗುತ್ತದೆ, ಉತ್ತರಕ್ಕೆ ಅರ್ಥವೇ ಉಳಿಯುವುದಿಲ್ಲ. ಅದೇ ಫರಸಿ 1 ಡಿಗ್ರಿ ವಾಲಿದ್ದರೆ ತಪ್ಪು 2 ಮಿ.ಮೀ. ಒಳಗೇ ಇರುತ್ತದೆ. ಯಾವ ತಪ್ಪು ದೊಡ್ಡದು, ಯಾವುದು ಚಿಕ್ಕದು ಎಂದು ಹೀಗೆ ಮೊದಲೇ ಲೆಕ್ಕ ಹಾಕುವುದನ್ನೇ ವೀಕ್ಷಣಾ ವಿಜ್ಞಾನದಲ್ಲಿ ಮೊದಲು ಕಲಿಸುವುದು.

ನೆರಳನ್ನು ಎತ್ತರದಿಂದ ಭಾಗಿಸಿ ಟ್ಯಾನ್ ವಿಲೋಮ ತೆಗೆದರೆ ಕೋನ. ಎರಡು ಕೋನಗಳ ವ್ಯತ್ಯಾಸ 1.14ರ ಹತ್ತಿರ ಬಂದರೆ, 1.14 ಡಿಗ್ರಿಗೆ 126 ಕಿ.ಮೀ. ಆದಂತೆ ಪೂರ್ತಿ ಸುತ್ತಿನ 360 ಡಿಗ್ರಿಗೆ 126 × 360 ÷ 1.14, ಅಂದರೆ ಸುಮಾರು 39,800 ಕಿ.ಮೀ. ನಿಜವಾದ ಸುತ್ತಳತೆ ಸುಮಾರು 40,000. ಇಲ್ಲಿ 126 ಕಿ.ಮೀ. ಎನ್ನುವುದು ನಕ್ಷೆಯಲ್ಲಿ ಅಳೆದ ಉತ್ತರ-ದಕ್ಷಿಣ ಅಂತರ, ಬಸ್ಸಿನ ದೂರ ಹಾಕಬೇಡಿ. ಎರಡೂ ಕಡೆ ತಲಾ 1 ಮಿ.ಮೀ. ವಿರುದ್ಧ ದಿಕ್ಕಿಗೆ ತಪ್ಪಿದರೂ ಉತ್ತರದಲ್ಲಿ ಶೇ 9ರಷ್ಟು ವ್ಯತ್ಯಾಸವಾಗುತ್ತದೆ. ವರದಿಯಲ್ಲಿ ಅದನ್ನೂ ಬರೆಯಿರಿ. 40,000 ಎಂದು ತಿದ್ದಿ ಬರೆದವರನ್ನು ಸಂದರ್ಶಕರು ಎರಡೇ ಪ್ರಶ್ನೆಯಲ್ಲಿ ಹಿಡಿಯುತ್ತಾರೆ.

ದೂರದರ್ಶಕ ಕೊಳ್ಳಲು ಸಾಲ ಮಾಡಬೇಡಿ. 10×50 ಬೈನಾಕ್ಯುಲರ್ ಇದ್ದರೆ ಗುರುಗ್ರಹದ ನಾಲ್ಕು ಚಂದ್ರರು ಕಾಣುತ್ತಾರೆ, ಕೈ ಅಲುಗದಂತೆ ಗೋಡೆಗೋ ಸ್ಟ್ಯಾಂಡಿಗೋ ಆನಿಸಬೇಕು ಅಷ್ಟೇ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಆಕಾಶದ ನಕ್ಷೆಗೆ ಸ್ಟೆಲೇರಿಯಂ ತಂತ್ರಾಂಶ ಸಾಕು.

ಎಂಎಸ್ಸಿ: ಐದನೆಯ ಸೆಮಿಸ್ಟರ್‌ನಲ್ಲೇ ಓಟ ಶುರು

ಐಐಟಿಗಳ ಎಂಎಸ್ಸಿಗೆ ಜ್ಯಾಮ್ ಪರೀಕ್ಷೆ. ಅರ್ಜಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ. ಬಿಎಸ್ಸಿ ಮುಗಿದ ಮೇಲೆ ಅರ್ಜಿ ಹಾಕುವುದು ಎಂದುಕೊಂಡವರು ಒಂದು ವರ್ಷ ಮನೆಯಲ್ಲಿ ಕೂರಬೇಕಾಗುತ್ತದೆ. 60 ಪ್ರಶ್ನೆ, 100 ಅಂಕ, 3 ಗಂಟೆ. ಮೊದಲ ಭಾಗದ 30 ಪ್ರಶ್ನೆಗಳಿಗೆ ಮಾತ್ರ ತಪ್ಪಿಗೆ ಮೂರನೇ ಒಂದರಷ್ಟು ಕಡಿತ. ಎರಡನೆಯ ಭಾಗದ 10 ಬಹುಉತ್ತರ ಪ್ರಶ್ನೆಗಳಿಗೂ ಮೂರನೆಯ ಭಾಗದ 20 ಸಂಖ್ಯಾ ಉತ್ತರಗಳಿಗೂ ಕಡಿತವಿಲ್ಲ. ಆ 50 ಅಂಕದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಬರವಣಿಗೆಯ ಪರೀಕ್ಷೆಗೆ ಒಗ್ಗಿದ ನಮ್ಮ ವಿದ್ಯಾರ್ಥಿಗಳು ಸಂಖ್ಯಾ ಉತ್ತರದಲ್ಲಿ ಏಕಮಾನ ಮತ್ತು ದಶಮಾಂಶದಲ್ಲಿ ಎಡವುತ್ತಾರೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವುದೇ ಮದ್ದು.

ಜ್ಯಾಮ್ ಮೂಲಕ ಐಐಟಿ ಇಂದೋರ್‌ನಲ್ಲಿ ಖಗೋಳಶಾಸ್ತ್ರ, ಐಐಟಿ ಬಾಂಬೆಯಲ್ಲಿ ಅನ್ವಯಿಕ ಭೂಭೌತಶಾಸ್ತ್ರ ಓದಬಹುದು. ಯಾವ ಕೋರ್ಸಿಗೆ ಯಾವ ಪತ್ರಿಕೆ ಎಂಬುದು ಆ ವರ್ಷದ ಕೈಪಿಡಿಯಲ್ಲಿರುತ್ತದೆ, ಅರ್ಜಿ ತುಂಬುವ ಮುನ್ನ ನೋಡಿ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಸಿಯುಇಟಿ-ಪಿಜಿ ಮೂಲಕ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮೂರು ವರ್ಷದ ಭೂಭೌತಶಾಸ್ತ್ರ ಎಂಎಸ್ಸಿ (ಟೆಕ್), ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಭೌತಶಾಸ್ತ್ರ ಅಥವಾ ಭೂವಿಜ್ಞಾನ. ಉಸ್ಮಾನಿಯಾಕ್ಕೆ ತೆಲಂಗಾಣದ ಸಿಪಿಜಿಇಟಿ ಪ್ರವೇಶ ಪರೀಕ್ಷೆ. ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಿ ಸಾಗರ ಭೂಭೌತಶಾಸ್ತ್ರವಿದೆ.

ಖಗೋಳಶಾಸ್ತ್ರ ಎಂಬ ಹೆಸರಿನ ಪದವಿಯೇ ಬೇಕೆಂದು ಪಟ್ಟು ಹಿಡಿಯುವ ಅಗತ್ಯವಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯಲ್ಲೋ ಭೌತಶಾಸ್ತ್ರ ಎಂಎಸ್ಸಿ ಮಾಡಿ, ಖಗೋಳದಲ್ಲಿ ಒಂದು ಗಟ್ಟಿ ಪ್ರಾಜೆಕ್ಟ್ ಮಾಡಿದವರಿಗೂ ಪಿಎಚ್‌ಡಿ ಪ್ರವೇಶದಲ್ಲಿ ಅಷ್ಟೇ ಹಕ್ಕಿದೆ. ಕೆಲಸ ಹುಡುಕುವಾಗ ಭೌತಶಾಸ್ತ್ರದ ಪದವಿಗೆ ಬಾಗಿಲು ಹೆಚ್ಚು, ಪದವಿ ಕಾಲೇಜಿನ ಉಪನ್ಯಾಸಕ ಹುದ್ದೆ ಸೇರಿದಂತೆ.

ಫಲಿತಾಂಶ ತಡವಾಗುವುದು ಇಲ್ಲಿಯ ದೊಡ್ಡ ತಲೆನೋವು. ಪ್ರವೇಶ ಕೊಟ್ಟ ಸಂಸ್ಥೆ ಅಂತಿಮ ಅಂಕಪಟ್ಟಿಗೆ ಗಡುವು ಹಾಕಿರುತ್ತದೆ. ಪರೀಕ್ಷೆ ಬರೆದಾಗಿದೆ, ಫಲಿತಾಂಶ ಬಾಕಿಯಿದೆ ಎಂಬ ಪತ್ರವನ್ನು ಪ್ರಾಂಶುಪಾಲರ ಸಹಿ, ಮೊಹರಿನೊಂದಿಗೆ ಜೂನ್‌ನಲ್ಲೇ ತೆಗೆದಿಡಿ. ಹಳೆಯ ಸೆಮಿಸ್ಟರ್‌ನ ಒಂದು ವಿಷಯ ಬಾಕಿ ಉಳಿದರೂ ಸೀಟು ಹೋಗುತ್ತದೆ.

ಬೇಸಿಗೆ ರಜೆ ವ್ಯರ್ಥ ಮಾಡಬೇಡಿ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಲ್ಲಿ ಎರಡು ತಿಂಗಳು ವಿಜ್ಞಾನಿಯೊಬ್ಬರ ಜೊತೆ ಕೆಲಸ ಮಾಡಬಹುದು. ಅರ್ಜಿ ನವೆಂಬರ್ ಹೊತ್ತಿಗೇ ಹೋಗಬೇಕು. ಅದರಲ್ಲಿ ಬರೆಯುವ ಅರ್ಧ ಪುಟದ ವಿವರಣೆ ಮತ್ತು ಶಿಕ್ಷಕರ ಶಿಫಾರಸು ಮುಖ್ಯ. ಶಿಕ್ಷಕರ ಹತ್ತಿರ ಹೋಗುವಾಗ ನೆರಳಿನ ಪ್ರಯೋಗದ ವರದಿಯನ್ನೋ ಪೈಥಾನ್ ಕೆಲಸವನ್ನೋ ಕೈಯಲ್ಲಿ ಹಿಡಿದು ಹೋಗಿ. ಬರೆಯಲು ಅವರಿಗೂ ಏನಾದರೂ ಬೇಕಲ್ಲ.

ಭೂಭೌತಶಾಸ್ತ್ರದ ಕ್ಷೇತ್ರಕಾರ್ಯ ಹೇಗಿರುತ್ತದೆ

ನೀರು ಹುಡುಕುವ ರೋಧಮಾಪನವನ್ನೇ ತೆಗೆದುಕೊಳ್ಳೋಣ. ನೆಲಕ್ಕೆ ನಾಲ್ಕು ಉಕ್ಕಿನ ಸರಳು ಹೊಡೆದು, ಹೊರಗಿನ ಎರಡರಿಂದ ವಿದ್ಯುತ್ ಹರಿಸಿ ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಹೊರಗಿನ ಸರಳುಗಳನ್ನು ದೂರ ಸರಿಸಿದಂತೆಲ್ಲ ವಿದ್ಯುತ್ ಆಳಕ್ಕೆ ಇಳಿಯುತ್ತದೆ. ಒಳಗಿನ ಅಂತರ ಹೊರಗಿನ ಅಂತರದ ಐದನೇ ಒಂದಕ್ಕಿಂತ ಹೆಚ್ಚಾಗಬಾರದು. ಏಪ್ರಿಲ್-ಮೇನಲ್ಲಿ ಎರೆಭೂಮಿ ಬಿರುಕು ಬಿಟ್ಟು ಸರಳಿಗೆ ಮಣ್ಣು ಅಂಟುವುದೇ ಇಲ್ಲ, ಮೀಟರ್ ಅಂಕಿ ಕುಣಿಯುತ್ತದೆ. ಬುಡಕ್ಕೆ ಉಪ್ಪುನೀರು ಹಾಕಬೇಕು, ಆದರೆ ಒಳಗಿನ ಎರಡು ಸರಳುಗಳ ಒದ್ದೆ ಒಂದಕ್ಕೊಂದು ಕೂಡದಂತೆ. ತಂತಿಬೇಲಿ, ಕಬ್ಬಿಣದ ಪೈಪ್, ವಿದ್ಯುತ್ ಲೈನ್‌ಗೆ ಸಮಾನಾಂತರವಾಗಿ ತಂತಿ ಎಳೆಯಬಾರದು.

ಅಳತೆ ಸರಿಯಾಗಿದ್ದರೂ ಅರ್ಥೈಸುವಲ್ಲಿ ಮೋಸ ಹೋಗಬಹುದು. ಬೀದರ್, ಆಳಂದದ ಬಸಾಲ್ಟ್ ಪದರಗಳ ನಡುವೆ ಕೆಂಪು ಜೇಡಿಯ ತೆಳುವಾದ ಪಟ್ಟಿಗಳಿವೆ. ನೀರು ತುಂಬಿದ ಶಿಥಿಲ ಕಲ್ಲಿನಂತೆ ಜೇಡಿಯೂ ಕಡಿಮೆ ರೋಧ ತೋರಿಸುತ್ತದೆ, ಆದರೆ ನೀರು ಬಿಟ್ಟುಕೊಡುವುದಿಲ್ಲ. ತೆಳು ಪದರದ ದಪ್ಪ ಮತ್ತು ರೋಧವನ್ನು ಈ ಅಳತೆಯಿಂದ ಬೇರೆ ಬೇರೆಯಾಗಿ ತಿಳಿಯಲಾಗದು, ಅವೆರಡರ ಅನುಪಾತ ಮಾತ್ರ ಸಿಗುತ್ತದೆ. ಅದಕ್ಕೇ ಹತ್ತಿರದ ಕೊಳವೆಬಾವಿ ಕೊರೆದಾಗ ಯಾವ ಆಳಕ್ಕೆ ಯಾವ ಕಲ್ಲು ಬಂತು ಎಂಬ ದಾಖಲೆಯೊಂದಿಗೆ ತಾಳೆ ನೋಡದೆ ಜಾಗ ತೋರಿಸಬಾರದು. ರೈತರೊಬ್ಬರ ಲಕ್ಷಾಂತರ ರೂಪಾಯಿ ಆ ಒಂದು ಗುರುತಿನ ಮೇಲೆ ನಿಂತಿರುತ್ತದೆ.

ಹಣ ಮತ್ತು ಮುಂದಿನ ಕೆಲಸ

ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 20,000 ಬೇಸಿಗೆ ಪ್ರಾಜೆಕ್ಟ್‌ಗೆ ಮೀಸಲು. ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಆಧಾರ್, ಅದಕ್ಕೆ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಆಧಾರ್‌ನಲ್ಲಿರುವ ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು ಒಂದಕ್ಕೊಂದು ಹೊಂದದೆ ಹಣ ನಿಲ್ಲುವುದು ಪ್ರತಿ ವರ್ಷದ ಗೋಳು. ಪಿಯುಸಿಯಲ್ಲೇ ತಿದ್ದಿಸಿಕೊಳ್ಳಿ.

ಪಿಎಚ್‌ಡಿಗೆ ಖಗೋಳದವರು ಜೆಸ್ಟ್ ಪ್ರವೇಶ ಪರೀಕ್ಷೆ ಬರೆಯಬೇಕು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಪುಣೆಯ ಐಯುಕಾ, ಎನ್‌ಸಿಆರ್‌ಎ ಇದನ್ನು ಪರಿಗಣಿಸುತ್ತವೆ. ಸಂಶೋಧನಾ ಫೆಲೋಶಿಪ್‌ಗೆ ನಡೆಯುವ ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಭೌತವಿಜ್ಞಾನ ಒಂದು ಪತ್ರಿಕೆ, ಭೂಮಿ-ವಾಯುಮಂಡಲ-ಸಾಗರ-ಗ್ರಹ ವಿಜ್ಞಾನ ಇನ್ನೊಂದು. ಆ ಫೆಲೋಶಿಪ್ ಅಂದರೆ ಜೆಆರ್‌ಎಫ್ ಸಿಕ್ಕವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಮನೆಯವರಿಗೆ ಈ ಅಂಕಿಯನ್ನು ಮೊದಲೇ ಹೇಳಿ. ಇನ್ನೂ ಎಷ್ಟು ವರ್ಷ ಓದುವುದು ಎಂಬ ಅಪ್ಪ-ಅವ್ವನ ಪ್ರಶ್ನೆಗೆ, ಅದು ಸಂಬಳದಂತೆ ಬರುವ ಹಣ ಎಂದು ತಿಳಿದರೆ ಅರ್ಧ ಉತ್ತರ ಸಿಕ್ಕಂತೆ.

ಭೂಭೌತಶಾಸ್ತ್ರದವರಿಗೆ ಗೇಟ್‌ನ ಜಿಜಿ ಪತ್ರಿಕೆ ಇದೆ. ಅದರ ಎರಡನೆಯ ಭಾಗದಲ್ಲಿ ಭೂವಿಜ್ಞಾನ ಅಥವಾ ಭೂಭೌತಶಾಸ್ತ್ರ ಆರಿಸಿಕೊಳ್ಳಬೇಕು. ತೈಲ ಮತ್ತು ಅನಿಲ ಕಂಪನಿ ಒಎನ್‌ಜಿಸಿ ಭೂಭೌತವಿಜ್ಞಾನಿಗಳನ್ನು ನೇಮಿಸಿಕೊಳ್ಳುತ್ತದೆ. ಯುಪಿಎಸ್‌ಸಿಯ ಕಂಬೈನ್ಡ್ ಜಿಯೊ-ಸೈಂಟಿಸ್ಟ್ ಪರೀಕ್ಷೆಯ ಮೂಲಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಮತ್ತು ಕೇಂದ್ರ ಅಂತರ್ಜಲ ಮಂಡಳಿಗೆ ಸೇರಬಹುದು. ಇದರ ಭೂಭೌತವಿಜ್ಞಾನಿ ಹುದ್ದೆಗೆ ಬರೀ ಭೌತಶಾಸ್ತ್ರ ಎಂಎಸ್ಸಿ ಮಾಡಿದವರೂ ಅರ್ಹರು ಎನ್ನುವುದು ನಮ್ಮ ಭಾಗದ ಬಹಳ ವಿದ್ಯಾರ್ಥಿಗಳಿಗೆ ತಿಳಿದೇ ಇಲ್ಲ. ವಯಸ್ಸು 21ರಿಂದ 32, ಮೀಸಲಾತಿಯವರಿಗೆ ಸಡಿಲಿಕೆ ಇದೆ. ಪೂರ್ವಭಾವಿ ಪರೀಕ್ಷೆ 400 ಅಂಕ, ಮುಖ್ಯ ಪರೀಕ್ಷೆ 600, ಸಂದರ್ಶನ 200. ಅಧಿಸೂಚನೆ ಸೆಪ್ಟೆಂಬರ್‌ನಲ್ಲಿ, ಪೂರ್ವಭಾವಿ ಫೆಬ್ರವರಿಯಲ್ಲಿ, ಮುಖ್ಯ ಪರೀಕ್ಷೆ ಜೂನ್‌ನಲ್ಲಿ. ಭೌತಶಾಸ್ತ್ರದಿಂದ ಬಂದವರು ಗುರುತ್ವ-ಕಾಂತ ಸಮೀಕ್ಷೆ, ಭೂಕಂಪ ಅಲೆಗಳ ಪ್ರತಿಫಲನ, ಕೊಳವೆಬಾವಿ ಲಾಗಿಂಗ್ (ಬಾವಿಯೊಳಗೆ ಉಪಕರಣ ಇಳಿಸಿ ಅಳೆಯುವುದು) ಈ ಮೂರನ್ನು ಹೊಸದಾಗಿ ಓದಬೇಕು. ವಿದ್ಯುತ್ಕಾಂತಶಾಸ್ತ್ರ ಮತ್ತು ಗಣಿತ ಆಗಲೇ ಕೈಯಲ್ಲಿರುವುದರಿಂದ ಎಂಎಸ್ಸಿ ಮೂರನೆಯ ಸೆಮಿಸ್ಟರ್‌ನಿಂದ ದಿನಕ್ಕೆ ಎರಡು ಗಂಟೆ ಕೊಟ್ಟರೆ ಪಠ್ಯ ಮುಗಿಯುತ್ತದೆ.